ಕೇಳುಗರಿಗೆ ಕೆಲಸ ಹಚ್ಚಿದ ಸಂಗೀತ

ಕಳೆದ ರಜೆಯಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದಾಗ, ಪಿಯುಸಿ ಓದುವ ಅವಳ ಮಗಳು ಬೆಳಿಗ್ಗೆ ಒಂಬತ್ತೂವರೆಗೆ ಐದು ನಿಮಿಷವಿರುವಾಗ ಬಂದು ನನ್ನ ಫೋನ್ ಕೇಳಿದಳು. ನಮ್ಮ ಒಂಬತ್ತೂವರೆಯೆಂದರೆ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಮಧ್ಯಾಹ್ನದ ಒಂದು ಗಂಟೆ. ಅವಳ ಮೆಚ್ಚಿನ ತಂಡದ ಹೊಸ ಹಾಡು ಆ ಗಳಿಗೆಗೆ ಬಿಡುಗಡೆಯಾಗುವುದಿತ್ತು. ಅವಳ ಫೋನು, ಅಕ್ಕನ ಫೋನು, ಮನೆಯ ಲ್ಯಾಪ್‌ಟಾಪ್ ಮೂರೂ ಅಷ್ಟು ಹೊತ್ತಿಗಾಗಲೇ ಊಟದ ಮೇಜಿನ ಮೇಲೆ ಸಾಲಾಗಿ ಸಜ್ಜಾಗಿದ್ದವು. ನಾಲ್ಕರಲ್ಲೂ ಒಂದೇ ಹಾಡು ಅರೆಕ್ಷಣದ ಅಂತರದಲ್ಲಿ ಶುರುವಾದಾಗ ಆ ಗದ್ದಲ ತಾಳಲಾರದೆ ನನ್ನ ಫೋನಿನ ಸದ್ದನ್ನು ಪೂರ್ತಿ ಇಳಿಸಲು ಹೋದೆ. “ಮಾಮ, ಮ್ಯೂಟ್ ಮಾಡ್ಬೇಡ, ಕೌಂಟ್ ಆಗಲ್ಲ!” ಎಂದು ಕೈ ಹಿಡಿದಳು. ಆಮೇಲೆ ಗೊತ್ತಾಯಿತು, ಇದಕ್ಕೆಲ್ಲ ಅಭಿಮಾನಿಗಳೇ ಮಾಡಿಕೊಂಡ ನಿಯಮಾವಳಿಯೊಂದಿದೆ: ಸದ್ದು ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ವಿಡಿಯೊ ಮಧ್ಯದಲ್ಲಿ ಓಡಿಸಬಾರದು, ಮತ್ತೆ ಮತ್ತೆ ಅದನ್ನೇ ಹಾಕದೆ ನಡುವೆ ಬೇರೆ ಎರಡು ಮೂರು ಹಾಡು ಕೇಳಬೇಕು, ಇಲ್ಲದಿದ್ದರೆ ನೋಡುತ್ತಿರುವುದು ಮನುಷ್ಯರಲ್ಲ, ಯಂತ್ರ ಎಂದು ಯೂಟ್ಯೂಬ್ ಲೆಕ್ಕದಿಂದ ತೆಗೆದುಹಾಕುತ್ತದಂತೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಇಷ್ಟು ಕೋಟಿ ಮುಟ್ಟಬೇಕೆಂಬ ಗುರಿಯೂ ಇತ್ತು. ಹಾಡು ಹೇಗಿದೆಯೆಂದು ಕೇಳಿದ್ದಕ್ಕೆ, “ಇನ್ನೂ ಸರಿಯಾಗಿ ಕೇಳಿಲ್ಲ ಮಾಮ, ಮೊದ್ಲು ಇದು ಮುಗೀಲಿ” ಎಂದಳು.

ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತದ ಬಗ್ಗೆ ನನಗಿದ್ದ ತಿಳಿವಳಿಕೆಯನ್ನು ತಲೆಕೆಳಗು ಮಾಡಿದ್ದು ಆ ಉತ್ತರ. ನನ್ನ ವಯಸ್ಸಿನವರು ಈ ಸಂಗೀತವನ್ನು ಕಾರ್ಖಾನೆಯ ಮಾಲು ಎಂದು ಸುಲಭವಾಗಿ ತಳ್ಳಿಹಾಕುತ್ತೇವೆ. ಅದರಲ್ಲಿ ಸುಳ್ಳೇನೂ ಇಲ್ಲ. ಎಸ್‌ಎಂ ಎಂಬ ಸಂಗೀತ ಸಂಸ್ಥೆಯ ಲೀ ಸೂ-ಮಾನ್ 1996ರಲ್ಲಿ ಎಚ್.ಒ.ಟಿ. ಎಂಬ ಹುಡುಗರ ತಂಡವನ್ನು ಕಟ್ಟಿದಂದಿನಿಂದ, ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಆರಿಸಿ ವರ್ಷಗಟ್ಟಲೆ ಹಾಡು, ಕುಣಿತ, ಪರಭಾಷೆಗಳನ್ನು ಕಲಿಸಿ, ಮಾಗಿದ ಮೇಲಷ್ಟೇ ವೇದಿಕೆಗೆ ಬಿಡುವ ಪದ್ಧತಿ ಗಟ್ಟಿಯಾಗುತ್ತ ಬಂದಿದೆ. ‘ಟ್ವೈಸ್’ ತಂಡದ ಜಿಹ್ಯೊ ಹತ್ತು ವರ್ಷ ಹೀಗೆ ತರಬೇತಿಯಲ್ಲೇ ಕಳೆದವರು. ಇನ್ನು ಕೆಲವರು ಎಲ್ಲವನ್ನೂ ಕೊರಿಯಾ ಸರ್ಕಾರದ ಖಾತೆಗೆ ಬರೆಯುತ್ತಾರೆ. ಆರ್ಥಿಕ ಕುಸಿತದ ಬೆನ್ನಿಗೇ, 1999ರಲ್ಲಿ, ಸಂಸ್ಕೃತಿ ಉದ್ಯಮಗಳ ಉತ್ತೇಜನಕ್ಕೆ ಅಲ್ಲಿ ಕಾನೂನು ಬಂದದ್ದೂ ನಿಜ. ಆದರೆ ಇವೆಲ್ಲ ಮಾಲು ತಯಾರಾದ ಬಗೆಯನ್ನು ಹೇಳುತ್ತವೆಯೇ ಹೊರತು, ಶುರುವಿನಲ್ಲಿ ಕೊರಿಯನ್ ಭಾಷೆಯ ಒಂದಕ್ಷರವೂ ಬಾರದಿದ್ದ ಮೈಸೂರಿನ ಹುಡುಗಿಯೊಬ್ಬಳು ಅದಕ್ಕಾಗಿ ಮನೆಯ ಫೋನುಗಳನ್ನೆಲ್ಲ ಒಟ್ಟುಹಾಕಿದ್ದೇಕೆ ಎಂದು ಹೇಳುವುದಿಲ್ಲ. ನನಗನ್ನಿಸುವುದು, ಕೆ-ಪಾಪ್ ಗೆದ್ದದ್ದು ಕೇಳುಗರಿಗೆ ಸಂಗೀತ ಕೊಟ್ಟಿದ್ದರಿಂದ ಅಷ್ಟೇ ಅಲ್ಲ, ಕೆಲಸ ಕೊಟ್ಟಿದ್ದರಿಂದ.

ಈ ಚಾಳಿ ಹೊಸದೇನಲ್ಲ. 1992ರಲ್ಲಿ ‘ಸೊ ತೈಜಿ ಅಂಡ್ ಬಾಯ್ಸ್’ ಎಂಬ ಮೂವರ ತಂಡ ಟಿವಿ ಸ್ಪರ್ಧೆಯೊಂದರಲ್ಲಿ ರ‍್ಯಾಪ್ ಬೆರೆತ ಹಾಡು ಹಾಡಿದಾಗ ತೀರ್ಪುಗಾರರು ಅವರಿಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟಿದ್ದರು. ಅದೇ ಹಾಡನ್ನು ದೇಶದ ಹುಡುಗ ಹುಡುಗಿಯರು ವಾರಗಟ್ಟಲೆ ಮೊದಲ ಸ್ಥಾನದಲ್ಲಿ ಕೂರಿಸಿದರು. 1995ರಲ್ಲಿ ಅವರ ಒಂದು ಹಾಡಿನ ಸಾಹಿತ್ಯಕ್ಕೆ ಸೆನ್ಸಾರ್ ಸಮಿತಿ ತಕರಾರು ತೆಗೆದಾಗ, ಮಾತುಗಳನ್ನು ತಿದ್ದುವ ಬದಲು ಅಷ್ಟನ್ನೂ ಕಿತ್ತುಹಾಕಿ ಬರೀ ವಾದ್ಯ ಸಂಗೀತವನ್ನೇ ಧ್ವನಿಮುದ್ರಿಕೆಯಲ್ಲಿ ಬಿಟ್ಟರು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ, ಸೆನ್ಸಾರ್ ವಿರುದ್ಧ ತಿರುಗಿಬಿದ್ದರು. ಮರುವರ್ಷವೇ ಹಾಡುಗಳ ಪೂರ್ವ ಸೆನ್ಸಾರ್ ಪದ್ಧತಿ ರದ್ದಾಯಿತು.

ಕೆಲಸವಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಾಯಕ ಸೈ ಮತ್ತು ಬಿಟಿಎಸ್ ತಂಡದ ನಡುವಿನ ವ್ಯತ್ಯಾಸವೇ ಸಾಕು. ಸೈ ಹಾಡಿದ 2012ರ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬಿನಲ್ಲಿ ನೂರು ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೊ. ನಮ್ಮೂರ ಮದುವೆ ಮೆರವಣಿಗೆಗಳಲ್ಲೂ ಜನ ಆ ಕುದುರೆ ಕುಣಿತ ಕುಣಿದರು, ನಕ್ಕರು, ಮರೆತರು. ನೋಡುವುದನ್ನು ಬಿಟ್ಟರೆ ಅಲ್ಲಿ ಯಾರಿಗೂ ಬೇರೆ ಕೆಲಸವಿರಲಿಲ್ಲ. ಮರುವರ್ಷ ಸಣ್ಣ ಸಂಸ್ಥೆಯೊಂದರಿಂದ ಹೊರಬಂದ ಏಳು ಹುಡುಗರ ಬಿಟಿಎಸ್‌ನ ಕಥೆಯೇ ಬೇರೆ. ಅವರ ಕೊರಿಯನ್ ಮಾತುಗಳಿಗೆಲ್ಲ ರಾತ್ರಿ ನಿದ್ದೆಗೆಟ್ಟು ಇಂಗ್ಲಿಷ್, ಸ್ಪ್ಯಾನಿಷ್, ಅರಬ್ಬಿ ಅಡಿಬರಹ ಕೂರಿಸಿದವರು ಅಭಿಮಾನಿಗಳು. ಅಮೆರಿಕದ ರೇಡಿಯೊಗಳು ಪರಭಾಷೆಯ ಹಾಡೆಂದು ಮೂಗು ಮುರಿದಾಗ, ಐವತ್ತೂ ರಾಜ್ಯಗಳಲ್ಲಿ ಗುಂಪು ಕಟ್ಟಿಕೊಂಡು, ನಿಲಯಗಳಿಗೆ ಬಿಡದೆ ಕೋರಿಕೆ ಸಲ್ಲಿಸಿ ಹಾಡು ಹಾಕಿಸಿದವರೂ ಅವರೇ. 2017ರಲ್ಲಿ ಅಭಿಮಾನಿಗಳ ಮತದಿಂದ ನಿರ್ಧಾರವಾಗುವ ಬಿಲ್‌ಬೋರ್ಡ್ ಪ್ರಶಸ್ತಿಯೊಂದನ್ನು, ಸತತ ಆರು ವರ್ಷ ಗೆದ್ದಿದ್ದ ಜಸ್ಟಿನ್ ಬೀಬರ್ ಕೈಯಿಂದ ಕಸಿದುಕೊಟ್ಟರು. 2018ರಲ್ಲಿ ಬಿಟಿಎಸ್‌ನ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, 2020ರಲ್ಲಿ ‘ಡೈನಮೈಟ್’ ಹಾಡೂ ಏರಿತು. ಹಾಡು ಶುರುವಾಗುವ ಮುನ್ನ ಏಳೂ ಸದಸ್ಯರ ಪೂರ್ತಿ ಹೆಸರನ್ನು ತಾಳಕ್ಕೆ ಸರಿಯಾಗಿ ಕೂಗುವುದು ಅಭಿಮಾನಿಗಳ ಸಂಪ್ರದಾಯ. ನನ್ನ ಅಕ್ಕನ ಮಗಳು ಅದನ್ನು ಒಪ್ಪಿಸುವ ವೇಗ ನೋಡಿದರೆ ನಮ್ಮಜ್ಜಿಯ ವಿಷ್ಣು ಸಹಸ್ರನಾಮ ನೆನಪಾಗುತ್ತದೆ. ಕಟೌಟ್ ನಿಲ್ಲಿಸಿ ಹಾಲೆರೆಯುವ ಅಭಿಮಾನ ಕಂಡ ನಮಗೆ ಭಕ್ತಿ ಹೊಸದಲ್ಲ. ಭಕ್ತಿಗೆ ಹೀಗೆ ದಿನಚರಿ, ಗುರಿ, ಲೆಕ್ಕಪುಸ್ತಕ ಸೇರಿದ್ದು ಹೊಸದು.

ಸೋತವರನ್ನು ಎತ್ತಿ ನಿಲ್ಲಿಸಿದ ಉದಾಹರಣೆಗಳೂ ಉಂಟು. 2014ರಲ್ಲಿ ‘ಇಎಕ್ಸ್‌ಐಡಿ’ ತಂಡದ ಹಾಡೊಂದು ಬಂದು ಸದ್ದಿಲ್ಲದೆ ಹೋಗಿತ್ತು. ಅಭಿಮಾನಿಯೊಬ್ಬರು ತಂಡದ ಹಾನಿ ಎಂಬ ಗಾಯಕಿಯೊಬ್ಬಳ ಮೇಲೇ ಕ್ಯಾಮೆರಾ ನೆಟ್ಟು ತೆಗೆದ ವಿಡಿಯೊ ಹರಿದಾಡಿ, ಆ ಹಾಡು ಪಟ್ಟಿಗಳ ತುದಿಗೇರಿತು. ‘ಬ್ರೇವ್ ಗರ್ಲ್ಸ್’ ತಂಡದವರದು ಇನ್ನೂ ಸೋಜಿಗ. 2017ರ ಅವರ ಹಾಡನ್ನು ಹೊರಗೆ ಯಾರೂ ಕೇಳಿರಲಿಲ್ಲ, ಸೇನಾ ಶಿಬಿರಗಳಲ್ಲಿ ಸೈನಿಕರು ಮಾತ್ರ ಜೊತೆಗೆ ಹಾಡಿ ಕುಣಿಯುತ್ತಿದ್ದರು. 2021ರ ಆರಂಭದಲ್ಲಿ ಅಂಥ ಪ್ರದರ್ಶನಗಳ ತುಣುಕುಗಳನ್ನೂ ಸೈನಿಕರ ತಮಾಷೆಯ ಟಿಪ್ಪಣಿಗಳನ್ನೂ ಯಾರೋ ಹೊಲಿದು ಹಾಕಿದ ವಿಡಿಯೊದಿಂದಾಗಿ, ತಂಡ ಮುಚ್ಚಿಕೊಳ್ಳುವ ಮಾತಾಡುತ್ತಿದ್ದ ಹೊತ್ತಿನಲ್ಲೇ, ನಾಲ್ಕು ವರ್ಷ ಹಳೆಯ ಹಾಡು ಮೊದಲ ಸ್ಥಾನಕ್ಕೆ ಬಂದು ಕೂತಿತು.

ಆದರೆ ಸಂಬಳವಿಲ್ಲದ ಕೆಲಸಗಾರನಿಂದ ಎಷ್ಟು ಹಿಂಡಬಹುದೆಂಬುದನ್ನು ಕಂಪನಿಗಳೂ ಬೇಗ ಕಲಿತವು. ನಮ್ಮ ಹುಡುಗಿ ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಸೇರಿಸಿ ಒಂದು ಆಲ್ಬಂ ತರಿಸಿಕೊಂಡಳು. ಮನೆಯಲ್ಲಿ ಸಿಡಿ ಹಾಕಲು ಯಂತ್ರವೇ ಇಲ್ಲ. ಡಬ್ಬಿ ಬಿಚ್ಚಿದವಳು ಸಿಡಿಯನ್ನು ಮುಟ್ಟಲೂ ಇಲ್ಲ. ಪುಟಗಳ ನಡುವೆ ಅಡಗಿದ್ದ ಫೋಟೊಕಾರ್ಡನ್ನು ಹುಡುಕಿ ತೆಗೆದು, ಅದರಲ್ಲಿ ತನಗೆ ಬೇಕಾದವನಿಲ್ಲದೆ ಇನ್ನೊಬ್ಬನಿರುವುದನ್ನು ಕಂಡು ಮುಖ ಸಣ್ಣ ಮಾಡಿಕೊಂಡಳು. ಯಾರ ಕಾರ್ಡು ಸಿಗುತ್ತದೆ ಎಂಬುದು ಅದೃಷ್ಟದ ಆಟ. ಗಾಯಕರನ್ನು ಮುಖಾಮುಖಿ ಕಾಣುವ ಹಸ್ತಾಕ್ಷರದ ಸಭೆಗಳಿಗೂ ಲಾಟರಿಯಂತೆ, ಒಂದು ಆಲ್ಬಂ ಕೊಂಡರೆ ಒಂದು ಚೀಟಿ. ಹೀಗಾಗಿ ನೂರಾರು ಪ್ರತಿ ಕೊಳ್ಳುವವರಿದ್ದಾರೆ, ಕಾರ್ಡು ತೆಗೆದುಕೊಂಡು ಮಿಕ್ಕದ್ದನ್ನು ಬಿಸಾಡುವವರೂ ಇದ್ದಾರೆ. 2024ರಲ್ಲಿ ಟೋಕಿಯೊದ ಶಿಬುಯಾದಲ್ಲಿ ‘ಸೆವೆಂಟೀನ್’ ತಂಡದ ಆಲ್ಬಂಗಳು ಬೀದಿಬದಿಯಲ್ಲಿ ರಾಶಿ ಬಿದ್ದಿದ್ದವು, ಬೇಕಾದವರು ಒಯ್ಯಿರಿ ಎಂಬ ಬರಹದೊಂದಿಗೆ. ಇದನ್ನು ಅಭಿಮಾನ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಅಂದಹಾಗೆ ನಮ್ಮವಳ ಆ ಕಾರ್ಡು ರಟ್ಟಿನ ತುಂಡುಗಳ ನಡುವೆ ಭದ್ರವಾಗಿ ಕೂತು ಹುಬ್ಬಳ್ಳಿಯ ಹುಡುಗಿಯೊಬ್ಬಳಿಗೆ ಕೊರಿಯರ್ ಆಯಿತು. ಅಲ್ಲಿಂದ ಬೇಕಾದವನು ಬಂದ.

ಕೂಲಿಯಿಲ್ಲದೆ ದುಡಿದವರು ಒಂದಲ್ಲ ಒಂದು ದಿನ ಒಡೆತನ ಕೇಳುತ್ತಾರೆ. 2024ರ ಫೆಬ್ರುವರಿ ಕೊನೆಯಲ್ಲಿ ‘ಏಸ್ಪಾ’ ತಂಡದ ಕರಿನಾ ನಟನೊಬ್ಬನನ್ನು ಪ್ರೀತಿಸುತ್ತಿರುವ ಸುದ್ದಿ ಹೊರಬಿದ್ದಾಗ, ಕೆಲವು ಅಭಿಮಾನಿಗಳು ಕಂಪನಿಯ ಕಚೇರಿಯೆದುರು ಎಲ್‌ಇಡಿ ಫಲಕ ಹೊತ್ತ ಟ್ರಕ್ಕನ್ನು ನಿಲ್ಲಿಸಿದರು. ಇಪ್ಪತ್ತಮೂರರ ಆ ಹುಡುಗಿ ಕೈಬರಹದಲ್ಲಿ ಕ್ಷಮಾಪಣೆ ಬರೆಯಬೇಕಾಯಿತು. ಮದುವೆ ವಯಸ್ಸಿಗೆ ಬಂದವಳು ಪ್ರೀತಿಸಿದ್ದಕ್ಕೆ ಕ್ಷಮೆ! ಅದೇ ವರ್ಷ ‘ನ್ಯೂಜೀನ್ಸ್’ ತಂಡದ ಹಾನಿ ಎಂಬ ಇನ್ನೊಬ್ಬ ಗಾಯಕಿ ಕೆಲಸದ ಜಾಗದಲ್ಲಿ ತನಗೆ ಅವಮಾನವಾಗಿದೆಯೆಂದು ಕೊರಿಯಾದ ಸಂಸತ್ತಿನ ಸಮಿತಿಯೆದುರು ಕಣ್ಣೀರಿಟ್ಟು ಹೇಳಿಕೆ ಕೊಟ್ಟಳು. ಈ ಕುರಿತ ದೂರನ್ನು ಪರಿಶೀಲಿಸಿದ ಕಾರ್ಮಿಕ ಇಲಾಖೆ ಅದನ್ನು ಕೈಬಿಟ್ಟಿತು; ಕಾನೂನಿನ ಅರ್ಥದಲ್ಲಿ ಆಕೆ ಕಾರ್ಮಿಕಳೇ ಅಲ್ಲವೆಂಬುದು ಇಲಾಖೆ ಕೊಟ್ಟ ಕಾರಣ. ವೇದಿಕೆಯ ಮೇಲೆ ಬೆವರು ಸುರಿಸುವವಳೂ ಕಾರ್ಮಿಕಳಲ್ಲ, ಮೈಸೂರಿನಲ್ಲಿ ನಾಲ್ಕು ಪರದೆ ಕಾಯುವವಳೂ ಅಲ್ಲ. ಲಾಭ ಮಾತ್ರ ಷೇರುಪೇಟೆಯಲ್ಲಿ ಚೊಕ್ಕವಾಗಿ ನಮೂದಾಗುತ್ತದೆ.

ಹಾಗೆಂದು ಈ ದುಡಿಮೆಯೆಲ್ಲ ವ್ಯರ್ಥವೆಂದು ನಾನು ಹೇಳಲಾರೆ, ಏಕೆಂದರೆ 2024ರ ಡಿಸೆಂಬರ್‌ನ ಚಿತ್ರಗಳು ಕಣ್ಣಿಗೆ ಕಟ್ಟಿವೆ. ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಯೂನ್ ಸುಕ್-ಯೋಲ್ 3ನೇ ತಾರೀಕಿನ ರಾತ್ರಿ ಸೇನಾಡಳಿತ ಘೋಷಿಸಿದ ಮೇಲೆ, ಅವರನ್ನು ಕೆಳಗಿಳಿಸಲು ಸಂಸತ್ ಭವನದೆದುರು ನೆರೆದ ಜನಸಾಗರದಲ್ಲಿ ಮೇಣದ ಬತ್ತಿಗಳ ಜಾಗದಲ್ಲಿ ಬಣ್ಣಬಣ್ಣದ ಲೈಟ್‌ಸ್ಟಿಕ್‌ಗಳಿದ್ದವು. ಪ್ರತಿ ತಂಡದ ಅಭಿಮಾನಿಗಳಿಗೂ ಬೇರೆ ಆಕಾರದ, ಬೇರೆ ಬಣ್ಣದ ದೀಪದ ಕೋಲು. ಎಂದೂ ಒಬ್ಬರ ಮುಖ ಒಬ್ಬರು ನೋಡದ ಬಣಗಳು ಅಂದು ಹೆಗಲಿಗೆ ಹೆಗಲು ಕೊಟ್ಟು, ‘ಗರ್ಲ್ಸ್ ಜನರೇಶನ್’ ತಂಡದ 2007ರ ಹಾಡನ್ನು ಕೊರೆಯುವ ಚಳಿಯಲ್ಲಿ ಒಕ್ಕೊರಲಿನಿಂದ ಹಾಡಿದವು. ಯಾವ ಸಾಲಿಗೆ ಏನು ಕೂಗಬೇಕು, ಗಂಟೆಗಟ್ಟಲೆ ನಿಂತು ಕಾಯುವುದು ಹೇಗೆ, ದೂರದಿಂದಲೇ ಅಲ್ಲಿ ನಿಂತವರಿಗೆ ಬಿಸಿ ಕಾಫಿಯ ಹಣ ಮುಂಗಡ ಕಟ್ಟುವುದು ಹೇಗೆ, ಇವೆಲ್ಲ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ಹುಡುಗಿಗೆ ಅದರಿಂದ ದಕ್ಕಿದ್ದು ಒಂದು ಭಾಷೆ. ಅಡಿಬರಹಗಳ ಬೆನ್ನು ಹತ್ತಿ ಹಂಗುಲ್ ಲಿಪಿ ಓದಲು ಕಲಿತಿದ್ದಾಳೆ. ಕೊರಿಯನ್ನರಿಗೂ ಅಪ್ಪ ಅಪ್ಪನೇ, ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಹಿರಿಯರಿಗೆ ಮಾತಿನ ರೂಪವೇ ಬೇರೆ ಎಂದೆಲ್ಲ ನನಗೆ ವಿವರಿಸಿದಳು. ಇಂಗ್ಲಿಷಿನವರಿಗೆ ಕಷ್ಟವಂತೆ, ಕನ್ನಡದವರಿಗೆ ಸಲೀಸಂತೆ. ಇದು ನಂಟಸ್ತಿಕೆಯಲ್ಲ, ಬರೀ ಹೋಲಿಕೆ ಎಂದು ತಿದ್ದಲು ಹೋದೆ, ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅಂದಿನ ಗುರಿ ಸಂಜೆ ಏಳರ ಹೊತ್ತಿಗೇ ಮುಟ್ಟಿತು. ಸುದ್ದಿ ಬಂದ ಕೂಡಲೇ ಒಮ್ಮೆ ಕಿರುಚಿ, ಮೂರು ಪರದೆಗಳನ್ನೂ ಆರಿಸಿ, ಇಯರ್‌ಫೋನ್ ಹುಡುಕಿಕೊಂಡು, “ಈಗ ಹಾಡು ಕೇಳ್ತೀನಿ ಮಾಮ” ಎಂದು ತಾರಸಿಗೆ ಹೋದಳು. ನನ್ನ ಫೋನನ್ನು ಮರೆತಿದ್ದಳು. ಅದು ಮೇಜಿನ ಮೇಲೆ ಇನ್ನೂ ಹಾಡುತ್ತಲೇ ಇತ್ತು, ಬ್ಯಾಟರಿ ನೂರಕ್ಕೆ ಆರು ಉಳಿದಿತ್ತು.