ಒದೆಯುತ್ತೆ ಅಂತ ನಿಂಗೆ ಗೊತ್ತಿತ್ತಾ ಮಾವ?

ಅಕ್ಕನ ಮಗಳು ಹೋದ ವರ್ಷ ಕೇಳಿದ ಪ್ರಶ್ನೆ ಇದು. ಗೊತ್ತಿತ್ತು. ನನಗೆ ಗೊತ್ತಿತ್ತು, ಅಕ್ಕ ಭಾವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ಅವಳೊಬ್ಬಳೇ. ಹೃದಯದ ಲಯ ಕೆಟ್ಟರೆ ಶಾಕ್ ಕೊಡುವ ಆ ಮಿಷನ್ ಇದ್ದದ್ದು ಅವಳ ಎದೆಯಲ್ಲಿ.

ಅವಳು ಮೊದಲ ಸಲ ಬಿದ್ದದ್ದು ಶಾಲೆಯಲ್ಲಿ, ಖೋಖೋ ಆಡುವಾಗ. ಪಿಟ್ಸು ಅಂದರು. ಯಾರೋ ಕೈಗೆ ಬೀಗದ ಕೈ ತುರುಕಿದರು, ಅಮ್ಮ ತಾಯಿತ ಕಟ್ಟಿಸಿದರು, ಒಂದು ವರ್ಷ ಸುಮ್ನೆ ಪಿಟ್ಸಿನ ಮಾತ್ರೆ ನುಂಗಿದಳು. ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರು ಇಸಿಜಿ ತೆಗೆಸಿದಾಗ ಗೊತ್ತಾಯಿತು, ಲಾಂಗ್ ಕ್ಯೂಟಿ. ಒಂದು ಬಡಿತ ಮುಗಿದು ಇನ್ನೊಂದಕ್ಕೆ ಸಜ್ಜಾಗೋಕೆ ಈ ಹೃದಯಕ್ಕೆ ಜಾಸ್ತಿ ಹೊತ್ತು ಬೇಕು, ಆ ಸಂದಿಯಲ್ಲಿ ಲಯ ತಪ್ಪಿದರೆ ರಕ್ತ ಪಂಪ್ ಆಗುವುದಿಲ್ಲ, ಹೃದಯ ಬರೀ ಅದುರುತ್ತದೆ. ಆಡುತ್ತಾ ಓಡುತ್ತಾ ದಿಢೀರನೆ ಪ್ರಜ್ಞೆ ತಪ್ಪಿ ಬೀಳುವ ಮಗುವಿಗೆ ಪಿಟ್ಸು ಅನ್ನುವ ಮುಂಚೆ ಒಂದು ಇಸಿಜಿ ತೆಗೆಸಿ. ಅದಕ್ಕೆ ಸೂಜಿ ಚುಚ್ಚುವುದೂ ಇಲ್ಲ.

ಇದು ವಂಶದಲ್ಲಿ ಬರುವ ಕಾಯಿಲೆ ಅಂತ ಮನೆಯವರೆಲ್ಲ ಇಸಿಜಿ ತೆಗೆಸಿಕೊಂಡೆವು. ಅಕ್ಕನಿಗೂ ಇತ್ತು. ಆವತ್ತು ರಾತ್ರಿ ಅಮ್ಮ ಊಟ ಮಾಡಲಿಲ್ಲ. ಅಮ್ಮನ ತಮ್ಮ ಒಬ್ಬರು ಹತ್ತೊಂಬತ್ತನೇ ವಯಸ್ಸಿಗೆ ವಿ.ಸಿ. ನಾಲೆಯಲ್ಲಿ ಹೋಗಿದ್ದರು, ಊರಿಗೇ ಒಳ್ಳೆ ಈಜುಗಾರ, ಅವರು ಮುಳುಗಿದ್ದು ಹೇಗೆ ಅಂತ ಯಾರಿಗೂ ಅರ್ಥ ಆಗಿರಲಿಲ್ಲ. ಈಜುವಾಗ ಲಯ ತಪ್ಪುವುದು ಈ ಕಾಯಿಲೆಯ ಒಂದು ಬಗೆಯಲ್ಲಿ ಮಾಮೂಲು.

ಹೃದಯದ ಲಯ ತಪ್ಪದ ಹಾಗೆ ಪ್ರೊಪ್ರನಲಾಲ್ ಮಾತ್ರೆ ಶುರುವಾಯಿತು. ತುಂಬಾ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಇವಳು ಮಾತ್ರೆ ತಪ್ಪಿಸದೆ ತಗೊಂಡರೂ ಮತ್ತೆ ಬಿದ್ದಳು. ಆಗ ಎದೆಯೊಳಗೆ ಐಸಿಡಿ ಅನ್ನುವ ಮಿಷನ್ ಹಾಕಬೇಕು ಅಂದರು.

ಐಸಿಡಿ ಅಂದರೆ ಪೇಸ್‌ಮೇಕರ್ ಅಂದುಕೊಳ್ಳುವವರೇ ಜಾಸ್ತಿ. ಪೇಸ್‌ಮೇಕರ್ ಬಡಿತ ನಿಧಾನವಾದಾಗ ಮೆಲ್ಲಗೆ ತಟ್ಟುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಐಸಿಡಿ ಕಾವಲುಗಾರನ ಹಾಗೆ ಕೂತು ಒಂದೊಂದು ಬಡಿತವನ್ನೂ ಎಣಿಸುತ್ತದೆ, ಲಯ ಕೆಟ್ಟಿತು ಅನ್ನಿಸಿದರೆ ಕೆಲವು ಸೆಕೆಂಡು ಚಾರ್ಜ್ ಆಗಿ ಒಳಗಿಂದಲೇ ಶಾಕ್ ಕೊಡುತ್ತದೆ. ಪ್ರಜ್ಞೆ ಇದ್ದಾಗ ಹೊಡೆದರೆ ಎದೆಗೆ ಯಾರೋ ಜಾಡಿಸಿ ಒದ್ದ ಹಾಗೆ. ತನ್ನ ಗುರುಗಳು ಇಂಥದ್ದೇ ತೊಂದರೆಯಿಂದ ತೀರಿಕೊಂಡರು ಅಂತ ಮಿಷೆಲ್ ಮಿರೋವ್‌ಸ್ಕಿ ಅನ್ನುವ ಡಾಕ್ಟರು ಹಟ ಹಿಡಿದು ಮಾಡಿದ ಯಂತ್ರ ಇದು, 1980ರಲ್ಲಿ ಬಾಲ್ಟಿಮೋರ್‌ನಲ್ಲಿ ಮೊದಲ ಸಲ ಒಬ್ಬ ರೋಗಿಗೆ ಹಾಕಿದರು. ಆಗ ಎದೆ ಸೀಳಿ, ಕಾಲು ಕೆಜಿ ಹತ್ತಿರದ ಡಬ್ಬಿಯನ್ನು ಹೊಟ್ಟೆಯಲ್ಲಿ ಕೂರಿಸಬೇಕಿತ್ತು. ಹುಟ್ಟಿದ್ದೇ ದೊಡ್ಡವರಿಗಾಗಿ. ಮಕ್ಕಳ ಕಥೆ ಬೇರೆ. ಮಗು ಬೆಳೆಯುತ್ತದೆ, ಡಬ್ಬಿಯಿಂದ ಹೃದಯಕ್ಕೆ ಹೋಗುವ ವೈರು ಬೆಳೆಯುವುದಿಲ್ಲ. ಮಗು ಕುಣಿಯುತ್ತದೆ, ವೈರು ಸವೆಯುತ್ತದೆ. ಬ್ಯಾಟರಿ ಹೆಚ್ಚುಕಮ್ಮಿ ಏಳರಿಂದ ಹತ್ತು ವರ್ಷ, ಆಮೇಲೆ ಮತ್ತೆ ಕುಯ್ದು ಡಬ್ಬಿಯನ್ನೇ ಬದಲಾಯಿಸಬೇಕು. ಅರವತ್ತಕ್ಕೆ ಹಾಕಿಸಿಕೊಂಡವರಿಗೆ ಇದು ಒಂದೆರಡು ಸಲದ ಮಾತು. ಹನ್ನೆರಡಕ್ಕೆ ಹಾಕಿಸಿಕೊಂಡವಳು ಎಷ್ಟು ಸಲ ಮಲಗಬೇಕು, ನೀವೇ ಲೆಕ್ಕ ಹಾಕಿ.

ಇಷ್ಟೆಲ್ಲ ನಮಗೆ ಹೇಳಿದ್ದರು. ಆಸ್ಪತ್ರೆಯವರ ತಪ್ಪಿಲ್ಲ. ಅವಳಿಗೆ ನಾವು ಹೇಳಿದ್ದು ಮಾತ್ರ "ಸಣ್ಣ ಮಿಷನ್ ಪುಟ್ಟಿ, ಏನೂ ಆಗಲ್ಲ" ಅಂತ. ಹೆದರುತ್ತಾಳೆ ಅಂತ ಸುಳ್ಳು ಹೇಳಿದೆವು. ನಿಜ ಹೇಳಬೇಕಂದ್ರೆ ಹೆದರಿದ್ದು ನಾವು.

ಎಂಟು ತಿಂಗಳಿಗೆ, ಬಸ್ಸಿಗೆ ಓಡುವಾಗ ಹೊಡೆಯಿತು. ಅದೂ ಬೇಡದ ಶಾಕು. ಚೆಕಪ್‌ನಲ್ಲಿ ಮಿಷನ್ನಿನ ದಾಖಲೆ ತೆಗೆದು ನೋಡಿದರೆ ಹೃದಯದ ಲಯ ಸರಿಯಾಗೇ ಇತ್ತು, ಒಂದು ಬಡಿತವನ್ನು ಅದು ಎರಡು ಅಂತ ಎಣಿಸಿಬಿಟ್ಟಿತ್ತು. ಲಾಂಗ್ ಕ್ಯೂಟಿಯಲ್ಲಿ ಹೀಗಾಗುವುದು ಉಂಟಂತೆ. ಹೊರಗಿಂದಲೇ ಸೆಟ್ಟಿಂಗ್ ಬದಲಿಸಿದರು, ಆಮೇಲೆ ಇಲ್ಲಿವರೆಗೆ ಹೊಡೆದಿಲ್ಲ.

ಮಿಷನ್ ಸರಿಹೋಯಿತು, ಹುಡುಗಿ ಸರಿಹೋಗಲಿಲ್ಲ. ಮೆಟ್ಟಿಲು ಹತ್ತುವುದು ಬಿಟ್ಟಳು, ಒಬ್ಬಳೇ ಸ್ನಾನಕ್ಕೆ ಹೋಗುತ್ತಿರಲಿಲ್ಲ, ರಾತ್ರಿ ಅಕ್ಕನ ಸೆರಗು ಹಿಡಿದೇ ಮಲಗುತ್ತಿದ್ದಳು. ಶಾಕಿಗಿಂತ, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಅನ್ನುವ ಅನುಮಾನವೇ ಜಾಸ್ತಿ ಇತ್ತು. ಅದಕ್ಕೇ ಆ ಪ್ರಶ್ನೆ.

"ಚಿಕ್ಕ ಮಕ್ಕಳಿಗೆ ಯಾಕೆ ಹೇಳ್ತೀರಿ" ಅನ್ನುವವರು ನನ್ನ ಹತ್ತಿರ ಬರಬೇಡಿ. ಹಾಗೇ ಹೆಣ್ಣುಮಗು, ಕಲೆ ಕಾಣುತ್ತೆ, ನಾಳೆ ಮದುವೆ ಹೇಗೆ ಅಂತ ಅಕ್ಕನ ತಲೆ ತಿನ್ನುವ ನೆಂಟರು ಕೂಡ. ಅವಳ ಮೈ ಅದು. ನೋಯುತ್ತೆ, ಯಾವಾಗ ಅಂತ ಹೇಳೋಕಾಗಲ್ಲ, ಆದರೆ ಲಯ ಕೆಟ್ಟು ಬಿದ್ದಾಗ ಉಳಿಸೋದು ಅದೇ ಅಂತ ಆಪರೇಷನ್ನಿಗೆ ಮುಂಚೆಯೇ ಹೇಳಬೇಕಿತ್ತು. ಹೇಳಿದ್ದರೆ ಅವತ್ತು ಬಸ್ ಸ್ಟ್ಯಾಂಡಿನಲ್ಲಿ ತಾನು ಸಾಯುತ್ತಿದ್ದೇನೆ ಅಂದುಕೊಳ್ಳುತ್ತಿರಲಿಲ್ಲ, ಅಲ್ವಾ?

ಈಗ ಎಲ್ಲ ಅವಳಿಗೇ ಗೊತ್ತು. ಐಸಿಡಿ ಇದೆ ಅಂತ ತೋರಿಸುವ ಕಾರ್ಡು ಬ್ಯಾಗಿನಲ್ಲೇ ಇರುತ್ತದೆ. ಫೋನನ್ನು ಎದೆಯಿಂದ ಗೇಣುದ್ದ ದೂರ ಇಡುತ್ತಾಳೆ. ಜ್ವರ ಬಂದು, ಈ ಕಾಯಿಲೆಯವರಿಗೆ ಆಗದ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಬರೆದರೆ ಡಾಕ್ಟರಿಗೇ "ಸರ್, ಇದು ನನಗೆ ಆಗಲ್ಲ" ಅನ್ನುತ್ತಾಳೆ. ಒಂದು ಸಲ ಹೊಡೆದು ಆರಾಮಾಗಿದ್ದರೆ ಆಸ್ಪತ್ರೆಗೆ ಫೋನ್, ಮತ್ತೆ ಹೊಡೆದರೆ ಅಥವಾ ಪ್ರಜ್ಞೆ ತಪ್ಪಿದರೆ 108, ಹೊಡೆಯುವಾಗ ನನ್ನನ್ನು ಮುಟ್ಟಿಕೊಂಡಿದ್ದರೂ ನಿಮಗೇನೂ ಆಗಲ್ಲ ಅಂತ ಗೆಳತಿಯರಿಗೆ ತಾನೇ ಹೇಳಿಕೊಟ್ಟಿದ್ದಾಳೆ. ರಾತ್ರಿ ಅಕ್ಕನ ಪಕ್ಕದಲ್ಲೇ ಮಲಗುತ್ತಾಳೆ, ಅದಿನ್ನೂ ಬಿಟ್ಟಿಲ್ಲ.

ಮುಂದಿನ ವಾರ ಚೆಕಪ್ ಇದೆ. ಡಾಕ್ಟರಿಗೆ ಕೇಳಬೇಕಾದ್ದನ್ನು ಈ ಸಲ ಅವಳೇ ಚೀಟಿಯಲ್ಲಿ ಬರೆದಿದ್ದಾಳೆ. ಮೊದಲನೆಯದು ಖೋಖೋ ಬಗ್ಗೆ. ಉಳಿದದ್ದನ್ನು ನನಗೆ ತೋರಿಸಲಿಲ್ಲ.