ಬಾಟಲಿ ಹಿಡಿದು ಆಡಿದವನೂ ನಮ್ಮ ಮುಖ್ಯ ಅತಿಥಿಗಳೂ

ನಿನ್ನೆ ನಮ್ಮ ಶಾಲೆಯ ಕ್ರೀಡಾ ದಿನ. ಬೆಳಿಗ್ಗೆ ಐದಕ್ಕೇ ಹೋಗಿ ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಎಳೆದು, ಆಮೇಲೆ ಶಾಮಿಯಾನದ ಕೆಳಗೆ ಒಂದೂವರೆ ಗಂಟೆ ಭಾಷಣ ಕೇಳಿದೆ. ಹತ್ತೊಂಬತ್ತು ವರ್ಷ ಪಿಟಿ ಮೇಷ್ಟ್ರಾಗಿದ್ದವನು ಭಾಷಣಗಳ ಮೇಲೆ ಕೋಪ ಮಾಡಿಕೊಳ್ಳುವುದನ್ನು ಎಂದೋ ಬಿಟ್ಟಿರುತ್ತಾನೆ. ನಿನ್ನೆ ಮಾತ್ರ ಆಗಲಿಲ್ಲ.

ಅತಿಥಿಗಳ ಮಾತಿಗೆ ಮೊದಲು ಹೆಡ್‌ಮಾಸ್ಟರು ಒಂದು ಮನವಿ ಓದಿದರು. ಎರಡು ವಾಲಿಬಾಲ್, ಒಂದು ನೆಟ್, ಓಡುವ ಮಕ್ಕಳಿಗೆ ಹತ್ತು ಜೊತೆ ಶೂ. ಅಷ್ಟೇ. ಅತಿಥಿಗಳು ಎದ್ದರು, ಶಾಲು ಸರಿ ಮಾಡಿಕೊಂಡರು. "ಮಕ್ಕಳೇ, ಫಿಜಿ ಅಂತ ಒಂದು ದೇಶ. ಅಲ್ಲೊಬ್ಬ ಹುಡುಗನ ಹತ್ತಿರ ಬಾಲ್ ಇರಲಿಲ್ಲ. ಪ್ಲಾಸ್ಟಿಕ್ ಬಾಟಲಿ ಹಿಡಿದು ರಗ್ಬಿ ಆಡಿದ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ! ಛಲ ಇದ್ದವನಿಗೆ ಬಾಲ್ ಯಾಕೆ, ಶೂ ಯಾಕೆ?" ಭರ್ಜರಿ ಚಪ್ಪಾಳೆ. ಶೂ ವಿಷಯ ಅಲ್ಲಿಗೆ ಮುಗಿಯಿತು.

ಪುಣ್ಯಾತ್ಮರು ಅವನ ಹೆಸರೂ ಹೇಳಲಿಲ್ಲ. ಜೆರ್ರಿ ಟುವಾಯ್. ಫಿಜಿಯ ರಾಜಧಾನಿ ಸುವಾ ಪಕ್ಕದ ನ್ಯೂಟೌನ್ ಎಂಬ ಬಡವರ ಬಡಾವಣೆಯವನು. ಬಾಟಲಿ ಕಥೆ ಸುಳ್ಳಲ್ಲ. ರಸ್ತೆ ನಡುವಿನ ಸರ್ಕಲ್ಲಿನ ಹುಲ್ಲಿನ ಮೇಲೆ ಬಾಟಲಿಯನ್ನೋ, ಗಂಟು ಕಟ್ಟಿದ ಹಳೇ ಬಟ್ಟೆಯನ್ನೋ ಎಸೆದಾಡುತ್ತಾ ಬೆಳೆದವನು ಅವನು. ಆದರೆ ಕಥೆ ಹೇಳುವವರೆಲ್ಲ ಆ ಸರ್ಕಲ್ಲಿನಿಂದ ನೇರ ಪದಕದ ಕಟ್ಟೆಗೆ ಹಾರಿಬಿಡುತ್ತಾರಲ್ಲ, ನನಗೆ ಉರಿಯುವುದು ಅಲ್ಲೇ.

ಟುವಾಯ್ ಹುಟ್ಟಿದ್ದು 1989ರಲ್ಲಿ. ಫಿಜಿ ತಂಡಕ್ಕೆ ಮೊದಲು ಆಡಿದ್ದು 2014ರಲ್ಲಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಟೂರ್ನಿಯಲ್ಲಿ. ಲೆಕ್ಕ ಹಾಕಿ. ಇಪ್ಪತ್ತೈದು! ಓಟವೇ ಜೀವಾಳವಾದ ಆಟದಲ್ಲಿ ಆ ವಯಸ್ಸಿಗೆ ಮೊದಲ ಕರೆ. ಅಷ್ಟು ವರ್ಷ ಅವನಲ್ಲಿ ಛಲ ಇರಲಿಲ್ವಾ? ಬಾಟಲಿಯಂತೂ ಇತ್ತಲ್ಲ.

ನನ್ನ ರಗ್ಬಿ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಒಂದೆರಡು ಮಾತು. ರಗ್ಬಿ ಅಂದರೆ ಮೊಟ್ಟೆಯಾಕಾರದ ಬಾಲ್ ಹಿಡಿದು ಓಡಿ, ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವ ಆಟ. ಟುವಾಯ್‌ನದು ಅದರಲ್ಲೇ ಸೆವೆನ್ಸ್ ಅನ್ನುವ ಬಗೆ. ಅಂದರೆ ತಂಡಕ್ಕೆ ಹದಿನೈದು ಜನ ಆಡುವ ಪೂರ್ತಿ ಮೈದಾನದಲ್ಲಿ ಬರೀ ಏಳು ಜನ. ಏಳು ನಿಮಿಷದ ಎರಡು ಅವಧಿ. ಕೇಳಲು ಸುಲಭ. ನಮ್ಮ ಗಟ್ಟಿಮುಟ್ಟಾದ ಹುಡುಗರನ್ನೇ ಮೈದಾನಕ್ಕೆ ಇಳಿಸಿ ನೋಡಿ, ಮೂರನೇ ನಿಮಿಷಕ್ಕೆ ನಾಲಗೆ ಹೊರಗೆ ಬರುತ್ತದೆ. ಟುವಾಯ್ ಎತ್ತರದ ಆಳಲ್ಲ. ಆದರೆ ಒಳ್ಳೇ ಕಬಡ್ಡಿ ರೈಡರ್ ಕಾರ್ನರ್‌ನವನನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಜಾರುತ್ತಾನಲ್ಲ, ಥೇಟ್ ಹಾಗೆ. ಬಲಗಾಲು ಊರಿದ ಅನ್ನುವಷ್ಟರಲ್ಲಿ ಎಡಗಡೆ ಇರುತ್ತಾನೆ. ಮೈಮೇಲೆ ಇಬ್ಬರು ಬಿದ್ದು ಕೆಡವುತ್ತಿದ್ದರೂ ಒಂದೇ ಕೈಯಲ್ಲಿ ಬಾಲನ್ನು ಹಿಂದಿನವನಿಗೆ ದಾಟಿಸುತ್ತಾನೆ. ಅದಕ್ಕೆ ಆಫ್‌ಲೋಡ್ ಅಂತಾರೆ. ಮಂಡಿ ಹಾಳು ಮಾಡಿಕೊಂಡು ಕಬಡ್ಡಿ ಬಿಟ್ಟ ನನ್ನಂಥವನಿಗೆ ಅದನ್ನು ನೋಡುವಾಗ ಕೂತಲ್ಲೇ ಕಾಲು ಅದುರುತ್ತದೆ. ಇದರ ಬಗ್ಗೆ ವೇದಿಕೆಯಲ್ಲಿ ಒಂದು ಸಾಲು? ಊಹೂಂ. ಬಾಟಲಿ, ಬಾಟಲಿ, ಬಾಟಲಿ.

ಆಮೇಲೆ ಬೆನ್ ರಯಾನ್ ಅಂತ ಒಬ್ಬ ಕೋಚ್. ಇಂಗ್ಲೆಂಡಿನವನು. 2013ರಲ್ಲಿ ಫಿಜಿಗೆ ಬಂದ. ಅಲ್ಲಿನ ರಗ್ಬಿ ಮಂಡಳಿ ಹತ್ತಿರ ದುಡ್ಡಿಲ್ಲ, ಮೊದಲ ಕೆಲವು ತಿಂಗಳು ಅವನಿಗೆ ಸಂಬಳವೇ ಇಲ್ಲ. ಸಂಬಳ ತಡವಾದ ಮೇಷ್ಟ್ರ ಕಷ್ಟ ನನಗೆ ಗೊತ್ತು ಬಿಡಿ. ಅವನು ಹುಡುಗರನ್ನು ಸಿಂಗಟೋಕಾದ ಮರಳು ದಿಣ್ಣೆ ಹತ್ತಿಸಿದ. ಅವರು ಏನು ತಿನ್ನಬೇಕು, ಎಷ್ಟು ಸಕ್ಕರೆ ಬಿಡಬೇಕು ಅಂತ ಕೂತು ಸರಿ ಮಾಡಿದ. ಯಾರೂ ಕರೆಯದ ಟುವಾಯ್‌ನನ್ನು ತಂಡಕ್ಕೆ ಕರೆದದ್ದೂ ಇವನೇ. ಎರಡು ವರ್ಷ ಸತತ ಸೆವೆನ್ಸ್ ವಿಶ್ವ ಸರಣಿ ಗೆದ್ದು 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದರು. ನಿದ್ದೆಗೆಟ್ಟು ಆ ಫೈನಲ್ ನೋಡಿದ್ದೆ. ಅರ್ಧ ಆಟಕ್ಕೆ 29-0. ಕೊನೆಗೆ ಬ್ರಿಟನ್ ವಿರುದ್ಧ 43-7. ಒಂಬತ್ತು ಲಕ್ಷ ಜನರ ದೇಶಕ್ಕೆ ಅದು ಯಾವುದೇ ಆಟದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ. ಖುಷಿಗೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿದರು ಮಹಾರಾಯರು!

ಆ ತಂಡದಲ್ಲಿದ್ದವರ ಪೈಕಿ ಮುಂದಿನ ಟೋಕಿಯೋ ಒಲಿಂಪಿಕ್ಸ್‌ಗೂ ಹೋದವನು ಟುವಾಯ್ ಒಬ್ಬನೇ. ಅಷ್ಟರಲ್ಲಿ 2019ರ ವಿಶ್ವದ ಶ್ರೇಷ್ಠ ಸೆವೆನ್ಸ್ ಆಟಗಾರ ಅನಿಸಿಕೊಂಡಿದ್ದ. ಕೋವಿಡ್ ಕಾಲ. ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಕ್ಯಾಂಪ್. ಪ್ರಯಾಣಿಕರ ವಿಮಾನ ಇಲ್ಲದೆ, ಫ್ರೀಜ್ ಮಾಡಿದ ಮೀನು ಸಾಗಿಸುವ ಸರಕು ವಿಮಾನದಲ್ಲಿ ತಂಡ ಜಪಾನ್ ಮುಟ್ಟಿತು. ಅವನೇ ಕ್ಯಾಪ್ಟನ್. ನ್ಯೂಜಿಲೆಂಡ್ ಮೇಲೆ 27-12, ಎರಡನೇ ಚಿನ್ನ. 2024ರ ಪ್ಯಾರಿಸ್‌ನಲ್ಲಿ ಮೂವತ್ತೈದರ ಅವನಿಗೇ ಮತ್ತೆ ನಾಯಕತ್ವ. ಫೈನಲ್‌ನಲ್ಲಿ ಫ್ರಾನ್ಸ್ 28-7ರಲ್ಲಿ ಸೋಲಿಸಿತು. ಆ ಬೆಳ್ಳಿಯನ್ನು ಯಾವ ಭಾಷಣಕಾರನೂ ಮುಟ್ಟುವುದಿಲ್ಲ. ಸೋಲು ಬಂದರೆ ಕಥೆ ಕೆಡುತ್ತದಲ್ಲ.

"ಹೋಗ್ಲಿ ಬಿಡಿ ಮೇಷ್ಟ್ರೇ, ಮಕ್ಕಳಿಗೆ ಸ್ಫೂರ್ತಿ ಬೇಡ್ವಾ?" ಅಂದರು ನಮ್ಮ ವಿಜ್ಞಾನದ ಮೇಡಂ. ಬೇಕು ಮೇಡಂ. ಬೇಕೇ ಬೇಕು. ಆದರೆ ಅದೇ ಅತಿಥಿಗಳ ಮಗನಿಗೆ ಕೋಚಿಂಗ್, ಕಿಟ್ಟು, ಬ್ಯಾಟು ಎಲ್ಲ ಬೆಂಗಳೂರಿನಿಂದ ಬರುತ್ತದೆ. ಅವನಿಗೆ ತೆಂಗಿನ ಮಟ್ಟೆ ಕೊಟ್ಟು ಸ್ಫೂರ್ತಿ ತುಂಬಬಹುದಿತ್ತು, ಅಲ್ವಾ? ಸ್ಫೂರ್ತಿ ಯಾಕೋ ಯಾವಾಗಲೂ ಸರ್ಕಾರಿ ಶಾಲೆಗೇ ಪಾರ್ಸೆಲ್ ಆಗುತ್ತದೆ.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಇದನ್ನು ಬರೆಯಬೇಕೋ ಬೇಡವೋ ಅಂತ ರಾತ್ರಿಯಿಡೀ ಯೋಚಿಸಿದೆ. ಏಳೆಂಟು ವರ್ಷದ ಹಿಂದೆ ನಮ್ಮಲ್ಲೊಬ್ಬ ಹುಡುಗ ಇದ್ದ. 400 ಮೀಟರ್. ಹೋಬಳಿ, ತಾಲ್ಲೂಕು ಎರಡರಲ್ಲೂ ಮೊದಲು. ಜಿಲ್ಲಾ ಮಟ್ಟಕ್ಕೆ ಮುಂಚೆ ಬಂದು, "ಸಾರ್, ಶೂ ಕಿತ್ತೋಗಿದೆ" ಅಂದ. ನನ್ನ ಜೇಬಿನಲ್ಲಿ ಆವತ್ತು ದುಡ್ಡಿತ್ತು. ಹೆಂಡತಿಗೆ ಹೇಳಿದ್ದ ಮಿಕ್ಸಿಯದು. ನಾನು ಅವನಿಗೆ ಏನು ಕೊಟ್ಟೆ ಗೊತ್ತಾ? ಇದೇ ಟುವಾಯ್ ಕಥೆ. ಬಾಟಲಿ ಸಮೇತ. ಭುಜ ತಟ್ಟಿ ಕಳಿಸಿದೆ. ಅವನು ಬರಿಗಾಲಲ್ಲಿ ಓಡಿ ಐದನೆಯವನಾದ. ಮತ್ತೆ ಗ್ರೌಂಡಿಗೆ ಬರಲಿಲ್ಲ. ಈಗ ಹೈವೇ ಪಕ್ಕ ಪಂಕ್ಚರ್ ಅಂಗಡಿಯಲ್ಲಿದ್ದಾನೆ. ನನ್ನ ಬೈಕಿಗೆ ಗಾಳಿ ಹಾಕಿ ದುಡ್ಡು ಬೇಡ ಅಂತಾನೆ. ಒತ್ತಾಯ ಮಾಡಿ ಕೊಡುತ್ತೇನೆ.

ನಿನ್ನೆ ಕುರ್ಚಿ ಜೋಡಿಸುವಾಗ ಎಂಟನೇ ಕ್ಲಾಸಿನ ಹುಡುಗಿ ಬಂದು ಕೇಳಿದಳು, "ಸಾರ್, ಆ ಬಾಟಲಿ ಖಾಲಿ ಇತ್ತಾ, ನೀರು ತುಂಬಿತ್ತಾ? ಖಾಲಿ ಇದ್ರೆ ಗಾಳಿಗೆ ಹಾರಲ್ವಾ?" ಇಡೀ ಸಮಾರಂಭದಲ್ಲಿ ಆಟದ ಬಗ್ಗೆ ಬಂದ ಒಂದೇ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಬಾಟಲಿ ಹಿಡಿದು ನೋಡಿದೆವು. ಅರ್ಧ ನೀರಿದ್ದರೆ ಚೆನ್ನಾಗಿ ಹೋಗುತ್ತದೆ, ಆದರೆ ಹಿಡಿಯುವವರ ಬೆರಳಿಗೆ ಪೆಟ್ಟು. ಅಷ್ಟರಲ್ಲಿ ಹತ್ತು ಮಕ್ಕಳು ಸೇರಿದ್ದರು. ಫೋನಿನಲ್ಲಿ ಟುವಾಯ್ ಆಟ ತೋರಿಸಿದೆ. ಡೇಟಾ ಮುಗಿಯುವ ತನಕ ಬಿಡಲಿಲ್ಲ.

ರಾತ್ರಿಯೇ ಒಂದು ರಗ್ಬಿ ಬಾಲ್ ಆರ್ಡರ್ ಮಾಡಿದ್ದೇನೆ. ಗುರುವಾರ ಬರುತ್ತದಂತೆ. ಗಾಳಿ ಇಲ್ಲದೆ ಮಡಚಿ ಕಳಿಸುತ್ತಾರಂತೆ, ನಮ್ಮ ಶಾಲೆಯ ಪಂಪಿನ ಸೂಜಿ ಕಳೆದು ಎರಡು ವರ್ಷ ಆಯಿತು. ಯಾರ ಹತ್ತಿರವಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಇಲ್ಲದಿದ್ದರೆ ಆ ಪಂಕ್ಚರ್ ಅಂಗಡಿಗೇ ಹೋಗಬೇಕು.