ಸುಫ್ರೆನ್ ಹೈದರನ ನೌಕರನಲ್ಲ

‘ಹೈದರಾಲಿಯ ನೌಕಾಪಡೆಯ ಫ್ರೆಂಚ್ ಸೇನಾಪತಿ ಸುಫ್ರೆನ್ ಇಂಗ್ಲಿಷರ ಹಡಗುಗಳನ್ನೆಲ್ಲ ಮುಳುಗಿಸಿದ’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಓದೋಕೆ ಚೆನ್ನಾಗಿದೆ, ಆದರೆ ನಿಜವಲ್ಲ.

ಸುಫ್ರೆನ್ ಫ್ರಾನ್ಸ್ ದೊರೆಯ ಅಧಿಕಾರಿ. ಹುಟ್ಟಿದ್ದು 1729ರಲ್ಲಿ, ಹುಡುಗನಾಗಿದ್ದಾಗಲೇ ನೌಕಾಪಡೆ ಸೇರಿದವನು. ಹೈದರ್ ಅವನಿಗೆ ಮಿತ್ರ, ಯಜಮಾನನಲ್ಲ. 1782ರ ಜುಲೈನಲ್ಲಿ ಕಡಲೂರಿನ ಬಳಿ ಇಬ್ಬರೂ ಭೇಟಿಯಾದದ್ದು ಮಾತ್ರ ನಿಜ.

ಇನ್ನು ಮುಳುಗಿಸಿದ ಮಾತು. 1782–83ರಲ್ಲಿ ಇಂಗ್ಲಿಷ್ ಅಡ್ಮಿರಲ್ ಹ್ಯೂಸ್ ಜೊತೆ ಸುಫ್ರೆನ್ ಐದು ಸಲ ಕಾದಾಡಿದ. ಪಟಸ್ತಂಭ ಮುರಿದವು, ಜನ ಸತ್ತರು. ಆದರೆ ಆ ಐದರಲ್ಲೂ ಹ್ಯೂಸ್‌ನ ಒಂದೇ ಒಂದು ದೊಡ್ಡ ಯುದ್ಧನೌಕೆಯೂ ಮುಳುಗಲಿಲ್ಲ, ಸೆರೆಯೂ ಸಿಗಲಿಲ್ಲ! ಸುಫ್ರೆನ್‌ನ ನಿಜವಾದ ಗಳಿಕೆ ಬೇರೆ: ಶ್ರೀಲಂಕಾದ ಟ್ರಿಂಕೋಮಲಿ ಬಂದರು. ಅದನ್ನು ಹಿಡಿದದ್ದರಿಂದಲೇ ಹಡಗುಗಳ ರಿಪೇರಿಗೆ ಜಾಗ ಸಿಕ್ಕಿತು.

ಕೊನೆಯ ಕಾಳಗ 1783ರ ಜೂನ್ 20ರಂದು, ಕಡಲೂರಿನಲ್ಲಿ. ತಮಾಷೆ ನೋಡಿ, ಯುರೋಪಿನಲ್ಲಿ ಜನವರಿಯಲ್ಲೇ ಶಾಂತಿಗೆ ಸಹಿ ಬಿದ್ದಿತ್ತು. ಸುದ್ದಿ ಇಲ್ಲಿಗೆ ತಲುಪಿರಲಿಲ್ಲ, ಅಷ್ಟೇ.